ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೆ ಮೊದಲು ಎಲ್ಲಿಗೆ?

ರಾಯಬಾಗದ ಕಡೆಯ ಓದುಗ ಮಿತ್ರನೊಬ್ಬ ಪತ್ರ ಬರೆದಿದ್ದಾನೆ. ಪೂರ್ತಿ ಎರಡು ಪುಟ! ಅಕ್ಷರ ಮುತ್ತಿನಂತಿಲ್ಲ, ಆದರೆ ಮಾತು ಮಾತ್ರ ನೇರ.

"ಅಣ್ಣಾ, ನಾವು ಮೂರು ಮಂದಿ ದೋಸ್ತರು. ಕಬ್ಬಿನ ಸೀಸನ್ ಮುಗಿದ ಮ್ಯಾಲ ಬೆಂಗಳೂರಿಗೆ ಬರೂದೈತಿ. ಫಸ್ಟ್ ಡೇ ಫಸ್ಟ್ ಶೋ ಕೆ.ಜಿ. ರೋಡಿನಾಗ ನೋಡಬೇಕು. ಅಪ್ಪು ಸರ್ ಸಮಾಧಿಗೆ ಹೋಗಬೇಕು. ಮೆಜೆಸ್ಟಿಕ್ ಹತ್ರ ಛಲೋ ಲಾಡ್ಜ್ ಯಾವುದು? ರೊಟ್ಟಿ ಊಟ ಎಲ್ಲಿ ಸಿಗತೈತಿ? ನೀವು ನಮ್ಮ ಕಡೆಯವರು, ಸುಳ್ಳು ಹೇಳೂದಿಲ್ಲ ಅಂತ ಕೇಳಾಕತ್ತೇನಿ."

ಇಷ್ಟೇ ಆಗಿದ್ದರೆ ನಾಲ್ಕು ಸಾಲಿನ ಉತ್ತರ ಬರೆದು ಮುಗಿಸುತ್ತಿದ್ದೆ. ಆದರೆ ಪತ್ರದ ಕೊನೆಗೆ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ಅದನ್ನು ಕೊನೆಗೇ ಹೇಳುತ್ತೇನೆ. ಮೊದಲು ಲಾಡ್ಜು, ಊಟ.

ಅದಕ್ಕೂ ಮೊದಲು ಒಂದು ಮೋಜಿನ ಸಂಗತಿ. ನಮ್ಮ ಹುಡುಗರು ಕನ್ನಡ ಸಿನಿಮಾ ಅಂದರೆ ಬೆಂಗಳೂರು ಅಂತ ಹೊರಡುತ್ತಾರಲ್ಲ, ಕನ್ನಡದ ಮೊದಲ ಮಾತಿನ ಚಿತ್ರ ತಯಾರಾದದ್ದು ಎಲ್ಲಿ ಗೊತ್ತೇ? ನಿಪ್ಪಾಣಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿ, ಕೊಲ್ಲಾಪುರದಲ್ಲಿ! 1934ರ 'ಸತಿ ಸುಲೋಚನ' ಅಲ್ಲಿಯ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರಿತವಾಯಿತು. ವೈ.ವಿ. ರಾವ್ ನಿರ್ದೇಶನ. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ಮೈಸೂರು ಸೀಮೆಯಿಂದ ಗಂಟುಮೂಟೆ ಕಟ್ಟಿಕೊಂಡು ನಮ್ಮ ಸೀಮೆ ದಾಟಿ ಅಲ್ಲಿಗೆ ಹೋಗಿ ಬಿಡಾರ ಹೂಡಿದರು. ತಯಾರಾದ ಚಿತ್ರ ಬೆಂಗಳೂರಿನ ಪ್ಯಾರಾಮೌಂಟ್ ಟಾಕೀಜಿನಲ್ಲಿ ತೆರೆ ಕಂಡಿತು. ಅಂದರೆ, ಸಿನಿಮಾ ಸಲುವಾಗಿ ಪರ ಊರಿನಲ್ಲಿ ಹೋಗಿ ಉಳಿಯುವ ಕಷ್ಟ ಕನ್ನಡ ಚಿತ್ರರಂಗಕ್ಕೆ ಹುಟ್ಟಿನಿಂದಲೇ ಬಂದದ್ದು. ಆಗ ಅವರು ಈ ಕಡೆ ಬಂದರು, ಈಗ ನಾವು ಆ ಕಡೆ ಹೋಗುತ್ತೇವೆ. ಲೆಕ್ಕ ಚುಕ್ತಾ!

ಇರಲಿ. ವಿಷಯಕ್ಕೆ ಬರೋಣ.

ಹೋಗುವುದು ಹೇಗೆ ಎಂಬುದು ನಿಮಗೆ ಗೊತ್ತೇ ಇದೆ. ರಾಯಬಾಗದವರಿಗೆ, ಚಿಕ್ಕೋಡಿಯವರಿಗೆ ರಾಣಿ ಚೆನ್ನಮ್ಮ ರೈಲು. ಸ್ಟೇಷನ್ನಿಗೆ ಚಿಕ್ಕೋಡಿ ರೋಡ್ ಅಂತ ಹೆಸರಿದ್ದರೂ ಊರು ಅಲ್ಲಿಂದ ದೂರ, ಆ 'ರೋಡ್' ಎಂಬ ಮಾತಿನ ಅರ್ಥವೇ ಅದು! ಅಥಣಿಯವರು ಕುಡಚಿಗೋ ಉಗಾರಕ್ಕೋ ಬರಬೇಕು. ಕಾಗವಾಡದವರಿಗೆ ಶೇಡಬಾಳ, ಉಗಾರ ಹತ್ತಿರ. ನಿಪ್ಪಾಣಿಗೆ ರೈಲಿಲ್ಲ, ಆದರೆ ಹೆದ್ದಾರಿ ಮನೆ ಮುಂದೆಯೇ ಇದೆ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ರೈಲಾಗಲಿ ಬಸ್ಸಾಗಲಿ, ನೀವು ಇಳಿಯುವುದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ: ಮೆಜೆಸ್ಟಿಕ್‌ನಲ್ಲಿ, ಬೆಳಕು ಹರಿಯುವಾಗ, ಕಣ್ಣಲ್ಲಿ ನಿದ್ದೆ ತುಂಬಿಕೊಂಡು.

ಆ ನಿದ್ದೆಗಣ್ಣೇ ಎಲ್ಲ ಮೋಸಕ್ಕೆ ಮೂಲ!

ರೈಲು ನಿಲ್ದಾಣಕ್ಕೆ ಇಟ್ಟ ಹೆಸರು ನಮ್ಮ ಬೆಳಗಾವಿ ಜಿಲ್ಲೆಯ ವೀರ ಸಂಗೊಳ್ಳಿ ರಾಯಣ್ಣನದು. ನೀವು ಬಂದ ರೈಲಿಗೆ ಕಿತ್ತೂರು ಚೆನ್ನಮ್ಮನ ಹೆಸರು. ನಮ್ಮವರೇ ಕರೆತಂದು ನಮ್ಮವರೇ ಇಳಿಸಿಕೊಂಡಂತೆ ಎದೆ ಉಬ್ಬುತ್ತದೆ. ಆದರೆ ನಿಲ್ದಾಣದಿಂದ ಹೊರಗೆ ಕಾಲಿಟ್ಟ ಕೂಡಲೇ ಎದೆ ಇಳಿಸಿ, ಕಣ್ಣು ತೆರೆಯಿರಿ. "ರೂಮ್ ಬೇಕಾ ಬಾಸ್? ಚೀಪ್ ರೇಟ್, ಅಟ್ಯಾಚ್ಡ್ ಬಾತ್‌ರೂಮ್" ಅನ್ನುತ್ತ ಒಬ್ಬ ನಿಮ್ಮ ಚೀಲಕ್ಕೇ ಕೈ ಹಾಕುತ್ತಾನೆ. ನಗುನಗುತ್ತಲೇ ಮಾತಾಡುತ್ತಾನೆ. ನಿಮ್ಮ ಮಾತು ಕೇಳಿ "ಓ, ಹುಬ್ಳಿ ಕಡೆಯವ್ರಾ?" ಅನ್ನುತ್ತಾನೆ. ಅವನ ಪಾಲಿಗೆ ತುಂಗಭದ್ರೆಯ ಆಚೆ ಇರುವುದೆಲ್ಲ ಹುಬ್ಬಳ್ಳಿಯೇ.

ಅವನ ಹಿಂದೆ ಹೋದವನು ನಾನು.

2017ರ ಮಾರ್ಚ್ ತಿಂಗಳು. 24ನೇ ತಾರೀಖು ಶುಕ್ರವಾರ ಪುನೀತ್ ಅವರ 'ರಾಜಕುಮಾರ' ಬಿಡುಗಡೆ. ನನ್ನ ಪಿಯುಸಿ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. ಮನೆಯಲ್ಲಿ "ದೋಸ್ತನ ಖೋಲ್ಯಾಗ ಇದ್ದು ಓದತೇನಿ" ಅಂತ ಹೇಳಿ, ಪರೀಕ್ಷೆ ಫೀಸು, ಪುಸ್ತಕ ಅಂತ ಅಪ್ಪನ ಹತ್ತಿರ ಇಸಿದುಕೊಂಡ ರೊಕ್ಕ ಕಿಸೆಯಲ್ಲಿಟ್ಟುಕೊಂಡು ಗುರುವಾರ ಸಂಜೆ ರೈಲು ಹತ್ತಿದೆ. ಕಾಲಲ್ಲಿ ಹೊಸ ಚಪ್ಪಲಿ, ಅಥಣಿಯಲ್ಲಿ ಮಾಡಿದ ಕೊಲ್ಲಾಪುರಿ. ತಲೆಯಲ್ಲಿ ಇದ್ದದ್ದು ಒಂದೇ: ಕೆ.ಜಿ. ರೋಡಿನ ಕಟೌಟು, ಪಟಾಕಿ, ತಮಟೆ!

ಆ ನಗುಮುಖದವನು ನನ್ನನ್ನು ಎರಡು ಗಲ್ಲಿ ತಿರುಗಿಸಿ ಒಂದು ಲಾಡ್ಜಿಗೆ ಕರೆದೊಯ್ದ. ಹೆಸರು ಬರೆಯುವುದಿಲ್ಲ, ಬೇಡ. ದಿನಕ್ಕೆ 600 ರೂಪಾಯಿ ಅಂದರು. ರೂಮು ನೋಡದೆಯೇ ಎರಡು ದಿನದ ಅಡ್ವಾನ್ಸು ಎಣಿಸಿಕೊಟ್ಟೆ. ರಸೀದಿ ಕೇಳಲಿಲ್ಲ. ಕೇಳಿದರೆ ಹಳ್ಳಿಯವ ಅಂತ ತಿಳಿದಾರು ಎಂಬ ನಾಚಿಕೆ! ಬೆಳಿಗ್ಗೆ ಏಳಕ್ಕೆ ಒಳಗೆ ಹೋದವನು ಮುಖ ತೊಳೆದು ಥಿಯೇಟರಿಗೆ ಓಡಿದೆ. ಟಿಕೆಟ್ ಸಿಕ್ಕಿದ್ದು ಮಧ್ಯಾಹ್ನದ ಆಟಕ್ಕೆ, ಅದೂ ಬ್ಲಾಕಿನಲ್ಲಿ. ಸಂಜೆ ತಿರುಗಿ ಬಂದರೆ ಮ್ಯಾನೇಜರು, "ಹನ್ನೆರಡು ಗಂಟೆಗೆ ನಿಮ್ ಒಂದ್ ದಿನ ಮುಗೀತು. ಈಗ ನಡೀತಿರೋದು ಎರಡನೇ ದಿನ. ನಾಳೆ ಹನ್ನೆರಡಕ್ಕೆ ಖಾಲಿ ಮಾಡ್ಬೇಕು, ಇಲ್ಲಾ ಇನ್ನೊಂದ್ ದಿನದ್ದು ಕೊಡಿ" ಅಂದ. ಐದು ತಾಸಿಗೆ ಒಂದು ದಿನದ ಬಾಡಿಗೆ ಹೋಗಿತ್ತು! ರೂಮಿನ ಹೊರಗೆ ಬಿಟ್ಟಿದ್ದ ಚಪ್ಪಲಿಯೂ ಹೋಗಿತ್ತು.

ಈ ಕಥೆ ಹೇಳಿದ್ದು ಅನುಕಂಪಕ್ಕಲ್ಲ. ಇದರಲ್ಲಿ ಲಾಡ್ಜು ಆರಿಸುವ ಪಾಠವೆಲ್ಲ ಇದೆ. ಒಂದೊಂದಾಗಿ ನೋಡಿ.

ಮೊದಲನೆಯದು, ಕರೆಯಲು ಬಂದವನ ಹಿಂದೆ ಹೋಗಬೇಡಿ. ಅವನಿಗೆ ಕೊಡುವ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ. ಇಳಿದ ಕೂಡಲೇ ನಿಲ್ದಾಣದಲ್ಲೇ ಮುಖ ತೊಳೆದು, ಒಂದು ಚಹಾ ಕುಡಿದು, ಬೆಳಕು ಪೂರ್ತಿ ಆಗುವವರೆಗೆ ಕೂಡಿರಿ. ಆಮೇಲೆ ನೀವೇ ಹುಡುಕಿಕೊಂಡು ಹೊರಡಿ. ಮೂವರಲ್ಲಿ ಒಬ್ಬ ಚೀಲಗಳ ಹತ್ತಿರ ಇರಲಿ, ಇಬ್ಬರು ಹೋಗಿ ನೋಡಿ ಬರಲಿ.

ಎರಡನೆಯದು, ಜಾಗ. ಮೆಜೆಸ್ಟಿಕ್ ಸುತ್ತಲೂ ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆ, ಕಾಟನ್‌ಪೇಟೆ, ಬಳೇಪೇಟೆ, ಚಿಕ್ಕಪೇಟೆ ಇವೆ. ಎಲ್ಲ ಕಡೆ ಲಾಡ್ಜುಗಳಿವೆ. ಸಿನಿಮಾಕ್ಕೆ ಬಂದವನಿಗೆ ಗಾಂಧಿನಗರದ ಕಡೆಯೇ ಸರಿ. ಕೆ.ಜಿ. ರೋಡಿಗೆ ನಡೆದೇ ಹೋಗಬಹುದು. ಸೆಕೆಂಡ್ ಷೋ ಮುಗಿಸಿ ಮಧ್ಯರಾತ್ರಿ ಬರುವಾಗ ಆಟೋದವನ ಜೊತೆ ಜಗಳ ಇರುವುದಿಲ್ಲ. ದೊಡ್ಡ ರಸ್ತೆಗೆ ಬಾಗಿಲು ಇರುವ, ರಾತ್ರಿ ದೀಪ ಉರಿಯುವ, ಹೆಂಗಸರು ಮಕ್ಕಳ ಸಂಸಾರಗಳು ಬಂದು ಉಳಿಯುವ ಲಾಡ್ಜು ನೋಡಿ. ಸಂಸಾರಸ್ಥರು ಇಳಿಯುವ ಜಾಗದಲ್ಲಿ ಪೋಲಿ ವ್ಯವಹಾರ ಕಡಿಮೆ. ಗಲ್ಲಿಯ ಒಳಗಿನ ಗಲ್ಲಿ, ಬೋರ್ಡಿನ ಅಕ್ಷರ ಅರ್ಧ ಉದುರಿದ ಜಾಗ ಬೇಡವೇ ಬೇಡ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: "ಇಪ್ಪತ್ತನಾಲ್ಕು ತಾಸೋ, ಹನ್ನೆರಡು ಗಂಟೆಯೋ?" ಇದೊಂದು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ. ಕೆಲವು ಲಾಡ್ಜುಗಳಲ್ಲಿ ನೀವು ಎಷ್ಟು ಹೊತ್ತಿಗೆ ಒಳಗೆ ಹೋಗುತ್ತೀರೋ ಮರುದಿನ ಅಷ್ಟೇ ಹೊತ್ತಿಗೆ ಒಂದು ದಿನ. ಕೆಲವು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ಬೆಳಗಿನ ರೈಲಿಗೆ ಬರುವ ನಮ್ಮಂಥವರಿಗೆ ಇಪ್ಪತ್ತನಾಲ್ಕು ತಾಸಿನ ಲೆಕ್ಕವೇ ಲಾಭ. ಮರುದಿನ ರಾತ್ರಿಯ ರೈಲಿಗೆ ಹೊರಡುವವರಾದರೆ, ಬೆಳಿಗ್ಗೆ ರೂಮು ಖಾಲಿ ಮಾಡಿ ಚೀಲಗಳನ್ನು ಕೌಂಟರಿನಲ್ಲಿ ಇಡಬಹುದೇ ಅಂತ ಮೊದಲೇ ಕೇಳಿ. ಇಡಗೊಡದಿದ್ದರೆ ರೈಲು ನಿಲ್ದಾಣದಲ್ಲಿ ಸಾಮಾನು ಇಡುವ ಕೋಣೆ ಇದೆ, ಚೀಲಕ್ಕೆ ಬೀಗ ಇರಬೇಕು ಅಷ್ಟೇ.

ನಾಲ್ಕನೆಯದು, ರೂಮು ನೋಡದೆ ರೊಕ್ಕ ಕೊಡಬೇಡಿ. ನಮ್ಮ ಕಡೆ ಎತ್ತು ಕೊಳ್ಳುವಾಗ ಹಲ್ಲು ಎಣಿಸುವುದಿಲ್ಲವೇ? ಹಾಗೆಯೇ ಇದು. ನಲ್ಲಿ ತಿರುವಿ ನೋಡಿ. ಒಳಗಿನ ಚಿಲಕ ಬೀಳುತ್ತದೆಯೇ ನೋಡಿ. ಹಾಸಿಗೆಯ ಚಾದರ ಎತ್ತಿ ಮೂಲೆಯಲ್ಲಿ ತಿಗಣೆ ಇದೆಯೇ ನೋಡಿ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಕೇಳಿ. ಮೊಬೈಲಿನಲ್ಲಿ ಬುಕ್ ಮಾಡಿದ್ದರೂ ಸರಿಯೇ, ಫೋಟೋದಲ್ಲಿದ್ದ ರೂಮು ಬೇರೆ, ಕೀಲಿ ಕೊಟ್ಟ ರೂಮು ಬೇರೆ ಆಗಿರುವುದುಂಟು. ಮೂವರಿಗೆ ಎಷ್ಟು, ಹೆಚ್ಚಿನ ಹಾಸಿಗೆಗೆ ಎಷ್ಟು, ತೆರಿಗೆ ಸೇರಿಯೋ ಬಿಟ್ಟೋ, ಎಲ್ಲ ಮೊದಲೇ ಮಾತಾಡಿ. ಒಂದು ದಿನಕ್ಕಿಂತ ಹೆಚ್ಚು ಅಡ್ವಾನ್ಸ್ ಕೊಡಬೇಡಿ. ಕೊಟ್ಟದ್ದಕ್ಕೆ ರಸೀದಿ ಇಸಿದುಕೊಳ್ಳಿ. ಇದರಲ್ಲಿ ನಾಚಿಕೆ ಎಂಥದ್ದು? ರೊಕ್ಕ ನಿಮ್ಮದು!

ಐದನೆಯದು, ಮೂವರೂ ಆಧಾರ್ ಕಾರ್ಡು ತನ್ನಿ. ರಿಜಿಸ್ಟರಿನಲ್ಲಿ ಮೂವರ ಹೆಸರೂ ಬರಲಿ. "ಒಬ್ಬರದ್ದು ಸಾಕು" ಅನ್ನುವ ಲಾಡ್ಜು ಅನುಕೂಲ ಅನ್ನಿಸುತ್ತದೆ, ಆದರೆ ರಾತ್ರಿ ಪೊಲೀಸರು ಬಂದು ವಿಚಾರಿಸಿದರೆ ಉತ್ತರ ಹೇಳುವವನು ನೀನೇ.

ಇನ್ನು ಹಳೆಯ ಕಾಲದ ಒಂದು ದಾರಿಯೂ ಇದೆ. ರೈಲು ನಿಲ್ದಾಣದ ಹತ್ತಿರವೇ ಗುಬ್ಬಿ ತೋಟದಪ್ಪನವರ ಧರ್ಮಛತ್ರ. 1903ರಲ್ಲಿ ಆ ಪುಣ್ಯಾತ್ಮರು ದಾರಿಹೋಕರಿಗೂ ಓದುವ ಹುಡುಗರಿಗೂ ಅಂತ ಕಟ್ಟಿಸಿದ್ದು. ಅಥಣಿಯ ಮುರುಘೇಂದ್ರ ಶಿವಯೋಗಿಗಳ ಮಠದಲ್ಲಿ ದಾಸೋಹ ಉಂಡ ನಮಗೆ ಇಂಥ ಜಾಗದ ಬೆಲೆ ಬೇರೆಯವರು ಹೇಳಬೇಕಾಗಿಲ್ಲ. ಹೋಗಿ ವಿಚಾರಿಸಿ. ಸಿಕ್ಕರೆ ಶಿಸ್ತಿನಿಂದ ಇರಿ, ಅಲ್ಲಿ ಸಿನಿಮಾ ಹುಡುಗರ ಗದ್ದಲ ಬೇಡ.

ಈಗ ಹೊಟ್ಟೆಯ ಮಾತು!

ಬೆಂಗಳೂರಿನ ಬೆಳಗಿನ ತಿಂಡಿಗೆ ದರ್ಶಿನಿಗಳೇ ಗತಿ, ಮತ್ತು ಒಳ್ಳೆಯ ಗತಿ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಈ ಪದ್ಧತಿ ಹಬ್ಬಿತು. ಮೊದಲು ದುಡ್ಡು ಕೊಟ್ಟು ಟೋಕನ್ ಇಸಿದುಕೋ, ಕೌಂಟರಿನಲ್ಲಿ ತಟ್ಟೆ ಇಸಿದುಕೋ, ನಿಂತು ತಿನ್ನು, ನಡೆ. ಕೂಡಲು ಕುರ್ಚಿ ಹುಡುಕಬೇಡಿ. ಇಡ್ಲಿ, ವಡೆ, ಖಾರಾಬಾತ್, ದೋಸೆ, ಎಲ್ಲ ಬಿಸಿಬಿಸಿ. ಸಾಂಬಾರು ಸ್ವಲ್ಪ ಸಿಹಿ ಹೊಡೆಯುತ್ತದೆ, ಬೈಯಬೇಡಿ, ಇಲ್ಲಿಯ ರುಚಿಯೇ ಹಾಗೆ. ನಿಪ್ಪಾಣಿಯ ಮಿಸಳ ಕೇಳಿದರೆ ಮುಖ ನೋಡುತ್ತಾರೆ. ಚಹಾ ಬೇಕಾದರೆ "ಟೀ" ಅನ್ನಿ. "ಬೈಟೂ" ಅಂದರೆ ಒಂದನ್ನು ಇಬ್ಬರಿಗೆ ಹಂಚಿ ಕೊಡುತ್ತಾರೆ. ರೊಕ್ಕ ಕಡಿಮೆ ಇದ್ದ ದಿನ ನಾನು ಮೊದಲು ಕಲಿತ ಬೆಂಗಳೂರು ಮಾತು ಇದೇ.

ಮಧ್ಯಾಹ್ನಕ್ಕೆ ರೊಟ್ಟಿ ಬೇಕೇ ಬೇಕು ಅನ್ನುವವರು ಗಾಂಧಿನಗರದಲ್ಲೇ ಕಾಮತರ ಹೋಟೆಲು ವಿಚಾರಿಸಿ. ಕೂತು, ಬಡಿಸಿಕೊಂಡು, ಗೌರವದಿಂದ ಉಣ್ಣುವ ಜಾಗ. ಕಿಸೆ ಅಷ್ಟು ಭಾರ ಇಲ್ಲದವರಿಗೆ ಮೆಜೆಸ್ಟಿಕ್ ಸುತ್ತಿನ ಗಲ್ಲಿಗಳಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳಿವೆ. ಬೋರ್ಡಿಗಿಂತ ಮೊದಲು ಕಿವಿ ಕೊಡಿ. ರೊಟ್ಟಿ ಬಡಿಯುವ ಪಟಪಟ ಸಪ್ಪಳ ಒಳಗಿನಿಂದ ಬರುತ್ತಿದ್ದರೆ ಒಳಗೆ ಹೋಗಿ. ಸಪ್ಪಳ ಇಲ್ಲದೆ ರೊಟ್ಟಿ ಬಂತೆಂದರೆ ಅದು ನಿನ್ನೆಯದು! ಝುಣಕ, ಶೇಂಗಾ ಹಿಂಡಿ, ಮೊಸರು ಇದ್ದರೆ ಊರು ನೆನಪಾಗುವುದಿಲ್ಲ... ಅಲ್ಲ, ಊರೇ ನೆನಪಾಗುತ್ತದೆ. ಬಾಡೂಟದವರಿಗೆ ಮಿಲಿಟರಿ ಹೋಟೆಲುಗಳು. ಹೆಸರು ಕೇಳಿ ಹೆದರಬೇಡಿ, ಸಿಪಾಯಿ ಯಾರೂ ಇರುವುದಿಲ್ಲ. ಮುದ್ದೆ ಅಗಿಯಬಾರದು, ನುಂಗಬೇಕು. ಕಲಿಯಲು ಎರಡು ಊಟ ಬೇಕು.

ಬಸ್ ನಿಲ್ದಾಣದ ಮುಂದೆ ಕೊಯ್ದು ಇಟ್ಟ ಹಣ್ಣು ಬೇಡ. ಮೂವರೂ ಹೊಟ್ಟೆ ಕೆಡಿಸಿಕೊಂಡು ಲಾಡ್ಜಿನಲ್ಲಿ ಮಲಗಿದರೆ ಸಿನಿಮಾ ನೋಡುವವರು ಯಾರು?

ಕೆ.ಜಿ. ರೋಡು ಹೇಗಿದೆ ಅಂತ ಕೇಳಿದ್ದಿ, ತಮ್ಮಾ. ನಿಜ ಹೇಳಿಬಿಡುತ್ತೇನೆ. ನಮ್ಮ ಅಪ್ಪ, ಕಾಕಾ ಹೇಳುತ್ತಿದ್ದ ಕೆ.ಜಿ. ರೋಡು ಈಗ ಇಲ್ಲ. ಯಾವ ಟಾಕೀಜಿನಿಂದ ಈ ಪ್ರದೇಶಕ್ಕೆ ಮೆಜೆಸ್ಟಿಕ್ ಅಂತ ಹೆಸರು ಬಂತೋ ಆ ಮೆಜೆಸ್ಟಿಕ್ ಟಾಕೀಜೇ ಇಲ್ಲ, ಹೆಸರು ಮಾತ್ರ ಉಳಿದಿದೆ! ಹಿಮಾಲಯ ಇಲ್ಲ, ಸಾಗರ್ ಇಲ್ಲ. 1968ರಲ್ಲಿ ಆರಂಭವಾದ ಕಪಾಲಿ, ನಾನು ಚಪ್ಪಲಿ ಕಳೆದುಕೊಂಡ ಅದೇ 2017ರಲ್ಲಿ ಮುಚ್ಚಿತು. 1972ರ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ ಸ್ಟೇಟ್ಸ್ ಟಾಕೀಜು ಇದ್ದದ್ದು ಇದೇ ರಸ್ತೆಯಲ್ಲಿ ಅಂದರೆ ಇಂದಿನ ಹುಡುಗರು ನಂಬುವುದಿಲ್ಲ. ಆದರೂ ದೊಡ್ಡ ನಟರ ಚಿತ್ರ ಬಿಡುಗಡೆಯಾದ ದಿನ ಆ ರಸ್ತೆಯಲ್ಲಿ ನಿಂತು ನೋಡು. ಹೂವಿನ ಹಾರ, ತಮಟೆ, ಹಾಲು, ಕುಣಿತ... ಮೈಯಲ್ಲಿ ಕರೆಂಟು ಹರಿಯುತ್ತದೆ. ಅದಕ್ಕಾಗಿ ಬಾ, ಬರಬೇಡ ಅನ್ನುವವನು ನಾನಲ್ಲ.

ಸಮಾಧಿಗೆ ಹೋಗುವುದು ಮರುದಿನ ಬೆಳಿಗ್ಗೆ ಇರಲಿ. ಮೆಜೆಸ್ಟಿಕ್‌ನಿಂದ ಹಸಿರು ಗೆರೆಯ ಮೆಟ್ರೋ ಹತ್ತಿ ಯಶವಂತಪುರದ ದಿಕ್ಕಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಕಂಠೀರವ ಸ್ಟುಡಿಯೋ. 2006ರಲ್ಲಿ ಅಣ್ಣಾವ್ರು, 2021ರಲ್ಲಿ ಅಪ್ಪು. ಅಪ್ಪ ಮಗ ಒಂದೇ ಆವರಣದಲ್ಲಿ. ಅಲ್ಲಿ ಮಾತು ಬೇಕಾಗುವುದಿಲ್ಲ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ.

ಆ ಸಣ್ಣ ಅಕ್ಷರದ ಸಾಲು ಹೀಗಿತ್ತು: "ಅಣ್ಣಾ, ಅವರಿಬ್ಬರು ತಿರುಗಿ ಬರತಾರ. ನಾ ಅಲ್ಲೇ ಉಳಿಯಾಂವ. ಸಿನಿಮಾದಾಗ ಚಾನ್ಸ್ ನೋಡತೇನಿ. ಮನ್ಯಾಗ ಹೇಳಿಲ್ಲ."

ತಮ್ಮಾ, ಆವತ್ತು ನನ್ನ ಚೀಲದಲ್ಲೂ ಇದೇ ಸಾಲು ಇತ್ತು. ಪಾಸ್‌ಪೋರ್ಟ್ ಸೈಜಿನ ಆರು ಫೋಟೋ ಬೇರೆ!

ಲಾಡ್ಜಿನಿಂದ ಶನಿವಾರ ಮಧ್ಯಾಹ್ನ ಹೊರಗೆ ಬಂದಾಗ ಕಿಸೆಯಲ್ಲಿ ನೂರು ರೂಪಾಯಿ ಇರಲಿಲ್ಲ. ಅದಕ್ಕೆ ಮೊದಲು ಬೆಳಿಗ್ಗೆ ಒಬ್ಬ ಸಿಕ್ಕು, "ಆರ್ಟಿಸ್ಟ್ ಕಾರ್ಡ್ ಮಾಡಿಸ್ಕೊಡ್ತೀನಿ, ಡೈರೆಕ್ಟ್ರು ನಮ್ಮೋರೇ" ಅಂತ ಉಳಿದದ್ದನ್ನೂ ಇಸಿದುಕೊಂಡು ಹೋಗಿದ್ದ. ಬರಿಗಾಲಿನಲ್ಲಿ ಸಂಜೆವರೆಗೆ ಸುತ್ತಿದೆ. ಒಂದು ಖಾನಾವಳಿಯ ಮುಂದೆ ರೊಟ್ಟಿಯ ಸಪ್ಪಳ ಕೇಳಿ ನಿಂತುಬಿಟ್ಟೆ. ಗಲ್ಲೆಯ ಮೇಲೆ ಕೂತಿದ್ದ ವಯಸ್ಸಾದವರು ನನ್ನ ಕಾಲು ನೋಡಿದರು.

"ಯಾವೂರೋ ತಮ್ಮಾ?"

"ಅಥಣಿ ಕಡೆ ರೀ."

"ಉಣ್ಣು ಮೊದಲ. ಆಮ್ಯಾಲ ಮಾತಾಡೂಣು."

ಉಂಡೆ. ಮಾತಾಡಿದೆ. ಅಳಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಅವರು ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ತಮ್ಮ ಫೋನು ನನ್ನ ಮುಂದೆ ಇಟ್ಟು, "ನಿಮ್ಮಪ್ಪಗ ನೀನs ಹೇಳು. ನಾ ಹೇಳಿದ್ರ ಅವರ ಜೀವ ಹೋಗತೈತಿ" ಅಂದರು. ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಉಂಡೀಯೇನ?"

ಆ ಹಿರಿಯರು ಕೊಟ್ಟ 300 ರೂಪಾಯಿಯಲ್ಲಿ ಊರು ಸೇರಿದೆ. ತಪ್ಪಿದ ಪರೀಕ್ಷೆಯನ್ನು ಜೂನ್‌ನಲ್ಲಿ ಬರೆಯಬಹುದಿತ್ತು, ನಾನು ಬರೆಯಲಿಲ್ಲ. ಅದು ಲಾಡ್ಜಿನವನ ತಪ್ಪಲ್ಲ, ನನ್ನ ತಪ್ಪು. ಎರಡು ವರ್ಷದ ನಂತರ, ಈ ಸಲ ಮನೆಯಲ್ಲಿ ಹೇಳಿ, ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದೆ. ನಟನಾಗಲಿಲ್ಲ, ನಟರ ಬಗ್ಗೆ ಬರೆಯುವವನಾದೆ. ಮೊದಲ ಸಂಭಾವನೆ ಬಂದ ದಿನ ಆ ಖಾನಾವಳಿಗೆ ಹೋಗಿ 300 ರೂಪಾಯಿ ಕೊಟ್ಟೆ. ಹಿರಿಯರು ಬೇಡ ಅನ್ನಲಿಲ್ಲ. ಎಣಿಸಿ ಗಲ್ಲೆಗೆ ಹಾಕಿಕೊಂಡು, "ಮರತಿರ್ತೀ ಅಂತ ಮಾಡಿದ್ದೆ" ಅಂದರು. ಅಷ್ಟೇ. ಅವತ್ತು ಉಂಡ ರೊಟ್ಟಿಗೆ ಬೇರೆ ಬಿಲ್ಲು ಹಾಕಿದರು!

ಆದ್ದರಿಂದ, ತಮ್ಮಾ, ಉಳಿಯಬೇಡ ಅಂತ ನಾನು ಹೇಳುವುದಿಲ್ಲ. ಹೇಳಿದರೆ ನೀನು ಕೇಳುವವನೂ ಅಲ್ಲ. ಆದರೆ ಈ ಸಲ ತಿರುಗಿ ಹೋಗುವ ಟಿಕೆಟ್ ತೆಗೆಸಿಕೊಂಡೇ ಬಾ. ಸಿನಿಮಾ ನೋಡು, ಸಮಾಧಿಗೆ ಕೈ ಮುಗಿ, ಗಾಂಧಿನಗರ ಸುತ್ತು. ಚಾನ್ಸ್ ಕೊಡುತ್ತೇನೆ ಅಂತ ರೊಕ್ಕ ಕೇಳುವವನು ಚಾನ್ಸ್ ಕೊಡುವವನಲ್ಲ. ಪಾತ್ರ ಕೊಡುವವನು ನಿನಗೆ ಕೂಲಿ ಕೊಡಬೇಕೇ ಹೊರತು ನಿನ್ನಿಂದ ಇಸಿದುಕೊಳ್ಳುವುದಲ್ಲ. ಇದನ್ನು ಲಾಡ್ಜಿನ ರಸೀದಿಯ ಹಿಂದೆ ಬರೆದಿಟ್ಟುಕೋ. ಊರಿಗೆ ಹೋಗಿ, ಮನೆಯಲ್ಲಿ ಎಲ್ಲ ಹೇಳಿ, ಆಮೇಲೂ ಮನಸ್ಸು ಹಾಗೆಯೇ ಇದ್ದರೆ ಮತ್ತೆ ಬಾ. ಬೆಂಗಳೂರು ಎಲ್ಲಿಗೂ ಓಡಿಹೋಗುವುದಿಲ್ಲ.

ಮತ್ತೆ ಚಪ್ಪಲಿ! ರಾತ್ರಿ ರೂಮಿನ ಒಳಗೇ ಇಟ್ಟುಕೊಳ್ಳಿ. ಅಥಣಿಯ ಚಪ್ಪಲಿಯ ಬೆಲೆ ಬೆಂಗಳೂರಿನ ಕಳ್ಳರಿಗೆ ಚೆನ್ನಾಗಿ ಗೊತ್ತು.

ಮುಂದಿನ ವಾರ ಮತ್ತೆ ಸಿಗೋಣ, ಗಾಂಧಿನಗರದ ಬಿಸಿ ಸುದ್ದಿಯೊಂದಿಗೆ.